ತಮ್ಮ ಮನೆಯ ಬಾಗಿಲು ತಟ್ಟುತ್ತಿದ್ದವರು

ತಮ್ಮ ಮನೆಯ ಬಾಗಿಲನ್ನು ತಾವೇ ತಟ್ಟಿ, ಒಳಗಿನಿಂದ ಅಪ್ಪಣೆಯಾದ ಮೇಲಷ್ಟೇ ಹೊಸ್ತಿಲು ದಾಟುವ ಮನುಷ್ಯರನ್ನು ನಾನು ಈ ಜೀವಮಾನದಲ್ಲಿ ಕಂಡದ್ದು ಒಬ್ಬರನ್ನೇ. ಬೀಗದ ಕೈ ಇಲ್ಲದೆ ತಟ್ಟುತ್ತಿದ್ದರೆಂದುಕೊಳ್ಳಬೇಡಿ. ಅದು ಅವರ ಕಂದು ಕೋಟಿನ ಎಡಜೇಬಿನಲ್ಲಿ ಸದಾ ಇರುತ್ತಿತ್ತು, ಮೆಟ್ಟಿಲು ಹತ್ತುವಾಗ ಅದು ಕಿಣಿಕಿಣಿ ಎನ್ನುವುದು ಎದುರು ಮನೆಯ ನನಗೆ ಕೇಳಿಸುತ್ತಿತ್ತು. ಆದರೂ ಬಾಗಿಲ ಮುಂದೆ ನಿಂತು, ಸಣ್ಣಗೆ ಕೆಮ್ಮಿ, ಕೋಟಿನ ಗುಂಡಿ ನೇರ ಮಾಡಿಕೊಂಡು, ಬೆರಳ ಗೆಣ್ಣಿನಿಂದ ಮೆಲ್ಲಗೆ ತಟ್ಟುವರು. ಒಳಗಿನಿಂದ, ಅದೇ ಮನೆಯಲ್ಲಿದ್ದ ಮೇಷ್ಟ್ರ ಗಡಸು ದನಿ "ಯಾರು?" ಎನ್ನುವುದು. "ನಾನೇ" ಎಂದು ಇವರು ಹೇಳುವರು. ಆಮೇಲೆ ಬಾಗಿಲು ತೆರೆಯುವುದು. ಕೈತುಂಬ ತರಕಾರಿ ಚೀಲಗಳಿದ್ದು ಮೊಣಕೈಯಿಂದ ತಟ್ಟಬೇಕಾಗಿ ಬಂದಾಗಲೂ ಈ ವಿಧಿ ತಪ್ಪಿದ್ದನ್ನು ನಾನು ಕಾಣೆ.

ಕಟ್ಟಡದವರೆಲ್ಲ ಅವರನ್ನು ಹಲ್ಲಿನವರು ಎಂದೇ ಕರೆಯುತ್ತಿದ್ದೆವು. ಕೃತಕ ಹಲ್ಲಿನ ಸೆಟ್ಟು ಮಾಡುವುದು ಅವರ ಕಸುಬು. ದಂತವೈದ್ಯರು ರೋಗಿಯ ಒಸಡಿನ ಅಚ್ಚು ತೆಗೆದು ಕಳಿಸಿದರೆ, ಹಿಂದಿನ ಬೀದಿಯ ನೆಲಮಾಳಿಗೆಯೊಂದರಲ್ಲಿ ಕುಳಿತು, ಆ ಅಚ್ಚಿಗೆ ಪ್ಲಾಸ್ಟರು ಸುರಿದು, ಮೇಣ ಮೆತ್ತಿ, ಒಂದೊಂದೇ ಹಲ್ಲನ್ನು ಚಿಮಟದಲ್ಲಿ ಹಿಡಿದು ಕೂರಿಸುವರು. ಗೋಡೆಯುದ್ದದ ಹಲಗೆಗಳ ಮೇಲೆ ಬಿಳಿಯ ದವಡೆಗಳು ಸಾಲಾಗಿ ಬಾಯಿ ತೆರೆದು ಕೂತಿರುತ್ತಿದ್ದವು; ಮೊದಲ ಸಲ ಅಲ್ಲಿಗೆ ಹೋದಾಗ ಇಷ್ಟೂ ಜನ ಒಮ್ಮೆಗೇ ಮಾತಾಡಿಬಿಟ್ಟರೆ ಏನು ಗತಿ ಎಂದು ನನಗೆ ಗಾಬರಿಯಾಗಿತ್ತು. ಎದುರಿಗಿದ್ದವರ ಕಣ್ಣನ್ನು ಅವರು ನೋಡಿದ್ದೇ ಕಡಿಮೆ. ದೃಷ್ಟಿಯೆಲ್ಲ ಬಾಯಿಯ ಮೇಲೆ, ದವಡೆಯ ಮೇಲೆ. ಒಂದು ಮುಖವನ್ನು ಮರೆತರೂ ಬಾಯಿಯನ್ನು ಮರೆಯುವವರಲ್ಲ. "ಈ ಊರಿನ ಅರ್ಧ ಮುದುಕರು ಇವರು ಮಾಡಿಕೊಟ್ಟ ಹಲ್ಲನ್ನೇ ಇವರ ಮೇಲೆ ಮಸೀತಾರೆ" ಎಂದು ಮೇಷ್ಟ್ರು ಛೇಡಿಸಿದರೆ, ಹಲ್ಲಿನವರು ತುಟಿ ಬಿಚ್ಚದೆ ನಗುವರು.

ಕಸುಬಿನಲ್ಲಿ ಅವರಿಗೊಂದು ಹಟವಿತ್ತು. ಹೊಸ ಸೆಟ್ಟನ್ನು ಯಾರ ಬಾಯಿಗೂ ತಣ್ಣಗೆ ಇಡಗೊಡುತ್ತಿರಲಿಲ್ಲ. ಬೆಚ್ಚನೆಯ ನೀರಿನಲ್ಲಿ ಅದ್ದಿ, ಅದಿಲ್ಲದಿದ್ದರೆ ಮುಷ್ಟಿಯೊಳಗೆ ಹಿಡಿದು ಕಾವು ಕೊಟ್ಟು, ಆಮೇಲೆ ಒಪ್ಪಿಸುವರು. ತಣ್ಣಗಿನ ಹಲ್ಲು ಬಾಯಿಗೆ ಬಿದ್ದರೆ ಮನುಷ್ಯ ಬೆಚ್ಚಿಬೀಳುತ್ತಾನೆ, ಒಮ್ಮೆ ಬೆಚ್ಚಿದ ಬಾಯಿ ಆ ಹಲ್ಲನ್ನು ಕೊನೆಯವರೆಗೂ ನೆಂಟರಂತೆ ನೋಡುತ್ತದೆಯೇ ಹೊರತು ತನ್ನದೆಂದು ಒಪ್ಪುವುದಿಲ್ಲ ಎಂಬುದು ಅವರ ಸಿದ್ಧಾಂತ.

ಬೆಚ್ಚಿಬೀಳುವುದರ ವಿಷಯ ಅವರಿಗೆ ಚೆನ್ನಾಗಿ ಗೊತ್ತಿತ್ತು, ಏಕೆಂದರೆ ಅವರಷ್ಟು ಹೆದರುವ ಪ್ರಾಣಿ ಇನ್ನೊಂದಿರಲಿಲ್ಲ. ಓಣಿಯಲ್ಲಿ ನಡೆಯುವಾಗ ನಡುವಿನ ಜಾಗವನ್ನೆಲ್ಲ ಬೇರೆಯವರಿಗೆ ಬಿಟ್ಟು, ಒಂದು ಭುಜ ಗೋಡೆಗೆ ತಾಗಿಸಿಕೊಂಡೇ ಸಾಗುವರು. ಕೋಟಿನ ಬಲತೋಳು ಸುಣ್ಣ ಬಡಿದು ಬೆಳ್ಳಗಾಗಿತ್ತು. ಮಾತು ಶುರುವಾಗುವುದೇ "ತಪ್ಪು ತಿಳ್ಕೋಬೇಡಿ" ಎಂಬುದರಿಂದ. ತಪ್ಪು ತಿಳ್ಕೋಬೇಡಿ, ಗಂಟೆ ಎಷ್ಟಾಯ್ತು? ತಪ್ಪು ತಿಳ್ಕೋಬೇಡಿ, ನಿಮ್ಮ ನಲ್ಲಿ ಸೋರ್ತಾ ಇದೆ. ಇಷ್ಟರಲ್ಲಿ ತಪ್ಪು ತಿಳಿಯಲು ಏನಿದೆಯೆಂದು ನಾನೊಮ್ಮೆ ರೇಗಿದ್ದಕ್ಕೆ, ಅದಕ್ಕೂ ತಪ್ಪು ತಿಳ್ಕೋಬೇಡಿ ಎಂದು ಕೈಮುಗಿದಿದ್ದರು.

ಮನೆ ಮೇಷ್ಟ್ರದು. ಮೇಷ್ಟ್ರು ಶಾಲೆಯಲ್ಲಿ ರೇಖಾಗಣಿತ ಹೇಳಿಕೊಟ್ಟು ನಿವೃತ್ತರಾದವರು, ಎತ್ತರದ ಆಳು, ಅವರು ನಕ್ಕರೆ ಕೆಳಗಿನ ಮಹಡಿಯವರು ನಮಗೂ ಹೇಳಿ ಎನ್ನುತ್ತಿದ್ದರು. ಹಲ್ಲಿನವರು ಅವರ ಬಾಡಿಗೆದಾರರು. ಹಾಗೆಂದು ಕಟ್ಟಡದಲ್ಲಿ ಎಲ್ಲರಿಗೂ ಗೊತ್ತಿತ್ತು, ಏಕೆಂದರೆ ಯಾರೂ ಕೇಳದಿದ್ದರೂ ಹಲ್ಲಿನವರು ಅದನ್ನೇ ಹೇಳುತ್ತಿದ್ದರು: ಯಜಮಾನರನ್ನು ಕೇಳಬೇಕು, ಯಜಮಾನರು ಏನಂತಾರೋ, ನಾನೇನು ಬಾಡಿಗೆಗೆ ಇರೋನು. ಬಾಗಿಲು ತಟ್ಟುವುದು ಈ ವೇಷಕ್ಕೆ ತಕ್ಕ ನಡೆಯಾಗಿತ್ತು. ಇಬ್ಬರೂ ಪ್ರಾಯದವರಾಗಿದ್ದಾಗ, ಈ ಮನೆಗೆ ಬಂದ ಹೊಸತರಲ್ಲಿ, ಕೆಳಮನೆಯಾಕೆ ಮೆಟ್ಟಿಲ ಮೇಲೆ ನಿಂತು ನೋಡುತ್ತಿದ್ದಳೆಂದು ಮೊದಲ ಸಲ ತಟ್ಟಿದ್ದರಂತೆ. ಆಕೆ ಮನೆ ಬಿಟ್ಟು ಹೋಗಿ ಎಷ್ಟೋ ಕಾಲವಾಗಿತ್ತು, ತಟ್ಟುವುದು ನಿಂತಿರಲಿಲ್ಲ.

ನನಗೆ ನಿಜ ತಿಳಿದದ್ದು ಯಾರೋ ಹೇಳಿ ಅಲ್ಲ. ಒಂದು ಸಂಜೆ ನಾನು ನನ್ನ ಬಾಗಿಲು ತೆರೆದು ಹೊರಗೆ ಬರುವ ಹೊತ್ತಿಗೆ ಎದುರು ಬಾಗಿಲು ಇನ್ನೂ ಪೂರ್ತಿ ಮುಚ್ಚಿರಲಿಲ್ಲ. ಆ ಸಂದಿನಲ್ಲಿ ಮೇಷ್ಟ್ರು ಒದ್ದೆ ವಸ್ತ್ರ ಹಿಡಿದು ಹಲ್ಲಿನವರ ಹುಬ್ಬಿಗೆ ಮೆತ್ತಿದ್ದ ಪ್ಲಾಸ್ಟರಿನ ಪುಡಿಯನ್ನು ಒರೆಸುತ್ತಿದ್ದರು, ಇವರು ಮಗುವಿನಂತೆ ಕಣ್ಣು ಮುಚ್ಚಿ ಮುಖ ಒಡ್ಡಿ ನಿಂತಿದ್ದರು. ಹೆದರಿಕೆಯ ಗೆರೆಯೊಂದೂ ಇಲ್ಲದ ಆ ಮುಖವನ್ನು ನಾನು ಕಂಡದ್ದು ಅದೊಂದೇ ಸಲ. ಗಂಡನೊಡನೆ ಬಾಳಿ ಅವನನ್ನು ಕಳೆದುಕೊಂಡ ಹೆಂಗಸು ನಾನು. ಹುಬ್ಬು ಒರೆಸುವ ಕೈ ಯಾವ ಸಂಬಂಧದ್ದೆಂದು ನನಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಅಂದಿನಿಂದ ಸಾರು ಹೆಚ್ಚಾದರೆ ಇಬ್ಬರಿಗೆ ಆಗುವಷ್ಟನ್ನು ಒಂದೇ ಪಾತ್ರೆಯಲ್ಲಿ ಕೊಡತೊಡಗಿದೆ. ಪಾತ್ರೆ ತೊಳೆದು ತಂದ ಹಲ್ಲಿನವರು ಬಹಳ ಹೊತ್ತು ನನ್ನ ಬಾಯಿಯನ್ನೇ ನೋಡಿ, ಇದು ಎಲ್ಲೂ ಆಡುವ ಬಾಯಲ್ಲ ಎಂದು ಖಾತ್ರಿ ಮಾಡಿಕೊಂಡು ಹೋದರು.

ಮೇಷ್ಟ್ರ ಹಲ್ಲೂ ಇವರದೇ ಕೈಕೆಲಸ. ಒಸಡಿನ ರೋಗದಿಂದ ಮೇಷ್ಟ್ರು ಇದ್ದ ಹಲ್ಲುಗಳನ್ನೆಲ್ಲ ಕಳೆದುಕೊಂಡಾಗ ಇವರು ಮಾಡಿದ ಸೆಟ್ಟಿನಲ್ಲಿ ಮುಂದಿನ ಒಂದು ಹಲ್ಲು ಪಕ್ಕದ್ದರ ಮೇಲೆ ತುಸು ಅಡ್ಡ ಹತ್ತಿ ಕೂತಿತ್ತು. ದಂತವೈದ್ಯರು ಇದೇನು ಕೆಲಸವೆಂದು ವಾಪಸ್ಸು ಕಳಿಸಿದರೆ, ಇವರು ಹಾಗೆಯೇ ಮತ್ತೆ ಕಳಿಸಿದರು. ಮೇಷ್ಟ್ರ ಹುಟ್ಟುಹಲ್ಲು ಇದ್ದದ್ದೇ ಹಾಗೆ. ನೇರ ಹಲ್ಲು ಇಟ್ಟರೆ ನಗು ಬೇರೆಯವರದಾಗುತ್ತದೆ ಎಂದು, ಇಡೀ ಜನ್ಮದಲ್ಲಿ ಯಾರಿಗೂ ಎದುರಾಡದ ಮನುಷ್ಯ ಅದೊಂದು ವಿಷಯದಲ್ಲಿ ಜಗ್ಗಲಿಲ್ಲ.

ಉಯಿಲು ಬರೆಸುವ ಮಾತನ್ನು ನಾನೇ ಒಂದೆರಡು ಸಲ ಎತ್ತಿದ್ದೆ. ಮೇಷ್ಟ್ರು, ನಾನು ಹೋದ ಮೇಲಿನ ಮಾತಲ್ವಾ, ಆಮೇಲೆ ನೋಡೋಣ ಎಂದು ನಕ್ಕು ಹಾರಿಸಿದರು. ಹಲ್ಲಿನವರು ನಗಲಿಲ್ಲ. ಉಯಿಲಿಗೆ ಸಾಕ್ಷಿಗಳು ಬೇಕು, ಸಾಕ್ಷಿಗಳು ಕಾರಣ ಕೇಳುತ್ತಾರೆ, ಬಾಡಿಗೆದಾರನಿಗೆ ಯಾರಾದರೂ ಮನೆ ಬರೆಯುತ್ತಾರೆಯೇ ಎಂದು ಒಬ್ಬ ಹುಬ್ಬೇರಿಸಿದರೆ ಸಾಕು, ಮಾತು ಶಾಲೆಯವರೆಗೆ ಹೋಗುತ್ತದೆ, ಮೇಷ್ಟ್ರ ಪಿಂಚಣಿಗೆ ಕುತ್ತು ಬರುತ್ತದೆ, ಹೀಗೆ ಅವರ ಭಯ ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತ ಪಾತಾಳ ಮುಟ್ಟುತ್ತಿತ್ತು. ಅದರಲ್ಲಿ ಅರ್ಧ ನಿಜವೂ ಆಗಿತ್ತೆಂದು ಈಗ ನನಗನ್ನಿಸುತ್ತದೆ.

ಒಂದು ಮಧ್ಯಾಹ್ನ ಮೇಷ್ಟ್ರು ಊಟದ ಮೇಜಿನ ಮುಂದೆ ಕುಸಿದರು. ಬಾಗಿಲು ತೆರೆದು ಹಲ್ಲಿನವರು ನನ್ನನ್ನು ಕೂಗಿದ ಕೂಗು ಯಾರದೆಂದು ನನಗೆ ಮೊದಲು ಗುರುತೇ ಸಿಗಲಿಲ್ಲ. ಆಸ್ಪತ್ರೆಯಲ್ಲಿ ದಾದಿಯೊಬ್ಬಳು ಮೇಷ್ಟ್ರ ಬಾಯಿಂದ ಸೆಟ್ಟು ತೆಗೆದು, ಯಾರ ಕೈಗೆ ಕೊಡಲೆಂದು ಸುತ್ತ ನೋಡಿದಳು. ಹಲ್ಲಿನವರು ಅಂಗೈ ಒಡ್ಡಿದರು, ಕೊಟ್ಟಳು. ಆಗ ಸಂಬಂಧವನ್ನು ಯಾರೂ ಕೇಳಲಿಲ್ಲ. ಕೇಳಿದ್ದು ಆಮೇಲೆ, ಮೇಷ್ಟ್ರ ಮಂಚವನ್ನು ತಳ್ಳಿಕೊಂಡು ಹೋಗಿ ತೀವ್ರ ನಿಗಾ ಘಟಕದ ಬಾಗಿಲಲ್ಲಿ ನಿಂತಾಗ. ಅಲ್ಲಿನ ಸಿಬ್ಬಂದಿ ತಲೆಯೆತ್ತದೆ, "ನೀವು ರೋಗಿಗೆ ಏನಾಗಬೇಕು?" ಎಂದ.

ನನ್ನ ಗಂಡ ತೀರಿಕೊಂಡ ಆಸ್ಪತ್ರೆಯಲ್ಲಿ ಈ ಪ್ರಶ್ನೆಯನ್ನು ನನಗೆ ಒಬ್ಬರೂ ಕೇಳಿರಲಿಲ್ಲ. ನಾನು ಅಳುತ್ತ ಹೋದೆ, ಬಾಗಿಲುಗಳು ತೆರೆದವು, ಯಾರೋ ಕುರ್ಚಿ ಎಳೆದು ಹಾಕಿದರು, ಅವನ ಕೈ ಹಿಡಿದುಕೊಂಡು ಕೂತೆ. ಆ ಕುರ್ಚಿ ಒಂದು ಹಕ್ಕೆಂದು ನನಗೆ ಆವತ್ತು ತಿಳಿದಿರಲಿಲ್ಲ.

ಹಲ್ಲಿನವರು ಗೋಡೆಗೆ ಒತ್ತಿಕೊಂಡರು. "ತಪ್ಪು ತಿಳ್ಕೋಬೇಡಿ. ಅವರ ಮನೇಲಿ ಬಾಡಿಗೆಗಿದ್ದೀನಿ" ಎಂದರು. ಹಾಗಾದರೆ ಹೊರಗೆ ಕೂತಿರಿ, ರಕ್ತಸಂಬಂಧಿಕರನ್ನು ಕರೆಸಿ ಎಂದಾಯಿತು. ಮೇಷ್ಟ್ರಿಗೆ ಬೇರೆ ಊರಿನಲ್ಲಿ ಒಬ್ಬ ಅಕ್ಕನಿದ್ದಳು, ಯಾವುದೋ ಹಳೆಯ ಮುನಿಸಿನಿಂದ ಮುಖ ನೋಡಿ ಎಷ್ಟೋ ವರ್ಷಗಳಾಗಿದ್ದವು. ಅವಳ ದೂರವಾಣಿ ಸಂಖ್ಯೆಯನ್ನು ಬಾಯಿಪಾಠ ಒಪ್ಪಿಸಿದವರು ಹಲ್ಲಿನವರೇ. ನಾನು ಅವರನ್ನು ಪಕ್ಕಕ್ಕೆ ಎಳೆದು, ತಮ್ಮ ಅಂತ ಹೇಳಿಬಿಡಿ, ಒಳಗೆ ಬಿಡ್ತಾರೆ ಎಂದೆ. ಅವರು ತಲೆಯಾಡಿಸಿದರು. "ಆಧಾರ ಕೇಳಿದ್ರೆ ಏನು ತೋರಿಸ್ಲಿ? ಈ ಬೆಂಚೂ ಹೋಗುತ್ತೆ."

ಆ ಬೆಂಚನ್ನು ಉಳಿಸಿಕೊಳ್ಳುವುದಕ್ಕಾಗಿ ಅವರು ಪಟ್ಟ ಭಯ ಇಷ್ಟಿಷ್ಟಲ್ಲ. ಬಾಗಿಲಲ್ಲಿ ಅಂಗೈಯಗಲದ ಗಾಜು ಇತ್ತು. ಬಾಗಿಲು ಅಲುಗಿದಾಗಲೆಲ್ಲ ಅರ್ಧ ಎದ್ದು, ಗಾಜಿನೊಳಗೆ ಇಣುಕಿ, ಯಾರಾದರೂ ಗದರಿಸಿಬಿಟ್ಟಾರೆಂದು ಮತ್ತೆ ಕೂರುವರು. ದಾದಿಯರ ಸ್ವರ ಏರಿದರೆ ಇವರ ಮುಖ ಬಿಳಿಚುತ್ತಿತ್ತು. ಕೆಮ್ಮು ಬಂದರೆ ಕೋಟಿನ ತೋಳಿಗೆ ಬಾಯಿ ಒತ್ತಿ ನುಂಗಿಕೊಳ್ಳುವರು. ಆಗಾಗ ಎದ್ದುಹೋಗಿ ಸೆಟ್ಟನ್ನು ತೊಳೆದು, ಕೋಟಿನ ಬಲಜೇಬಿಗೆ ಹಾಕಿಕೊಂಡು, ಮೇಲಿಂದ ಕೈ ಇಟ್ಟುಕೊಂಡು ಕೂರುವರು. ಎದುರಿನ ಗೋಡೆಯಲ್ಲಿ ಬಾಣದ ಗುರುತಿನೊಂದಿಗೆ ಶವಾಗಾರ ಎಂಬ ಫಲಕವಿತ್ತು. ಅದರ ಕಡೆಗೆ ಕಣ್ಣು ಹೋಗದ ಹಾಗೆ ಅವರು ಬೆಂಚಿನ ಮೇಲೆ ಓರೆಯಾಗಿ ಕೂತಿದ್ದರು. ಸಂಜೆ ನಾನು ಮನೆಗೆ ಕರೆದರೆ ಬರಲಿಲ್ಲ.

ಬೆಳಿಗ್ಗೆ ನಾನು ಡಬ್ಬಿಯಲ್ಲಿ ತಿಂಡಿ ಹಿಡಿದು ಬಂದಾಗಲೂ ಅದೇ ಭಂಗಿ. ಯಜಮಾನರು ಹೇಗಿದ್ದಾರೆಂದು ಹೇಳುವವರೇ ಇಲ್ಲ, ಕೇಳಿದರೆ ಮನೆಯವರಿಗೆ ಹೇಳ್ತೀವಿ ಅಂತಾರೆ ಎಂದರು. ನಾನು ಡಬ್ಬಿ ಬಿಚ್ಚುತ್ತಿದ್ದಂತೆ, ಕೈಯಲ್ಲೊಂದು ಪ್ರಯಾಣದ ಚೀಲ ಹಿಡಿದ ಎತ್ತರದ ಮುದುಕಿಯೊಬ್ಬಳು ನಮ್ಮ ಮುಂದೆ ಬಂದು ನಿಂತಳು. ಹಿಂದಿನ ಸಂಜೆಯೇ ಹೊರಟು ಬಂದ ದಣಿವು ಮುಖದಲ್ಲಿತ್ತು. ಶವಾಗಾರ ಯಾವ ಕಡೆ, ಸ್ವಲ್ಪ ತೋರಿಸ್ತೀರಾ ಎಂದು ಕೇಳಿದಳು. ಹಲ್ಲಿನವರು ಎಂದಿನಂತೆ ಮೊದಲು ಅವಳ ಬಾಯಿಯನ್ನು ನೋಡಿದರು. ಅದೇ ದವಡೆ. ಅದೇ ಗಲ್ಲ. ಮೇಷ್ಟ್ರು ಹೋದರೆಂಬ ಸುದ್ದಿ ಅವರಿಗೆ ಮುಟ್ಟಿದ್ದು ಹೀಗೆ. ಆಸ್ಪತ್ರೆಯವರು ಬಸ್ಸಿನಲ್ಲಿದ್ದ ಅಕ್ಕನಿಗೆ ಫೋನು ಮಾಡಿ ತಿಳಿಸಿ, ದೇಹವನ್ನು ಹಿಂದಿನ ಬಾಗಿಲಿನಿಂದ ಸಾಗಿಸಿದ್ದರು, ಗೋಡೆಯ ಈಚೆ ಕೂತವರಿಗೆ ಹೇಳಿರಲಿಲ್ಲ. ಅವರು ಬೀಳುತ್ತಾರೆಂದು ನಾನು ತೋಳು ಹಿಡಿದೆ. ಬೀಳಲಿಲ್ಲ. ಎದ್ದು ನಿಂತು, "ತಪ್ಪು ತಿಳ್ಕೋಬೇಡಿ, ಈ ಕಡೆ ಬನ್ನಿ" ಎಂದು ಮುಂದೆ ನಡೆದರು.

ಅಕ್ಕ ನನ್ನ ಕೈ ಬಿಡದೆ ಹಿಡಿದುಕೊಂಡಿದ್ದರಿಂದ ನನಗೂ, ದಾರಿ ತೋರಿಸಿದವರೆಂದು ಹಲ್ಲಿನವರಿಗೂ ಒಳಗೆ ಬರಲು ಆಯಿತು. ಕಾವಲಿನವನು ಬಟ್ಟೆ ಸರಿಸಿದ. ಮೇಷ್ಟ್ರನ್ನು ದಿನಾ ಕಾಣುತ್ತಿದ್ದ ನನಗೇ ಒಂದು ಕ್ಷಣ ಗುರುತು ಹತ್ತಲಿಲ್ಲ. ಹಲ್ಲಿಲ್ಲದ ಬಾಯಿ ಒಳಗೆ ಕುಸಿದು, ತುಟಿ ಒಂದು ಕಡೆಗೆ ಎಳೆದು, ಗಲ್ಲ ಮೂಗಿನ ಹತ್ತಿರ ಬಂದುಬಿಟ್ಟಿತ್ತು. ಅಕ್ಕ ಬಹಳ ಹೊತ್ತು ನೋಡಿ ಹಿಂದೆ ಸರಿದಳು.

"ಇವನು ನನ್ನ ತಮ್ಮ ಅಲ್ಲ. ಯಾರೋ ಮುದುಕ."

ಕಾವಲಿನವನು ಸೌಜನ್ಯದಿಂದಲೇ ನಿಯಮ ಹೇಳಿದ. ಸಂಬಂಧಿಕರು ಗುರುತು ಹಿಡಿದರೆ ದೇಹ ಕೊಡುತ್ತಾರೆ, ಇಲ್ಲವಾದರೆ ವಾರಸುದಾರರಿಲ್ಲದ ದೇಹಗಳ ಜೊತೆಗೆ ಸೇರಿಸುತ್ತಾರೆ, ಮುಂದಿನದು ಸರ್ಕಾರದ ಕೆಲಸ. ಇವರೇ ಮೇಷ್ಟ್ರೆಂದು ನಾನು ಹೇಳಿದ್ದಕ್ಕೆ, ನೀವು ಸಂಬಂಧಿಕರಲ್ಲವಲ್ಲ ಅಮ್ಮ ಎಂದ. ಭಯವೆಂದರೆ ಏನೆಂದು ನನಗೆ ಆ ತಣ್ಣನೆಯ ಕೋಣೆಯಲ್ಲಿ ಅರ್ಥವಾಯಿತು. ಬದುಕೆಲ್ಲ ಜೊತೆಗಿದ್ದವರು ಎರಡು ಹೆಜ್ಜೆ ದೂರದಲ್ಲಿ ನಿಂತಿರುವಾಗ ಮೇಷ್ಟ್ರು ಯಾರೂ ಇಲ್ಲದ ಹೆಣವಾಗಿಬಿಡುವುದರಲ್ಲಿದ್ದರು.

ಹಲ್ಲಿನವರು ಗೋಡೆ ಬಿಟ್ಟು ಕೋಣೆಯ ನಡುವಿಗೆ ಬಂದರು. "ಅಲ್ಲೇ ನಿಲ್ಲಿ. ಇವರ ಹಲ್ಲು ನನ್ನ ಹತ್ರ ಇದೆ" ಎಂದರು. ತಪ್ಪು ತಿಳ್ಕೋಬೇಡಿ ಎನ್ನಲಿಲ್ಲ. ಜೇಬಿನಿಂದ ಸೆಟ್ಟು ತೆಗೆದರು. ನೇರ ಬಾಯಿಗೆ ಇಡುತ್ತಾರೆಂದು ನಾನೆಣಿಸಿದ್ದರೆ, ಎರಡೂ ಮುಷ್ಟಿಗಳಲ್ಲಿ ಅದನ್ನು ಮುಚ್ಚಿ ಹಿಡಿದು, ಎದೆಗೊತ್ತಿಕೊಂಡು, ಸುಮ್ಮನೆ ನಿಂತರು. ಕಾವಲಿನವನು ಅವಸರಪಡಿಸುವ ಹಾಗೆ ನನ್ನತ್ತ ನೋಡಿದ. ಅವರು ಹಲ್ಲಿಗೆ ಕಾವು ಕೊಡುತ್ತಿದ್ದರು. ಆಮೇಲೆ ಬಗ್ಗಿ, ಇನ್ನೂ ಬಿಗಿಯದ ದವಡೆಯನ್ನು ಹೆಬ್ಬೆರಳಿನಿಂದ ತಗ್ಗಿಸಿ, ಮೇಲಿನದನ್ನು ಕೂರಿಸಿ, ಕೆಳಗಿನದನ್ನು ಕೂರಿಸಿ, ಎಳೆದುಕೊಂಡಿದ್ದ ತುಟಿಯನ್ನು ತೀಡಿ ಸರಿಮಾಡಿ, ಗಲ್ಲವನ್ನು ಅಂಗೈಯಲ್ಲಿ ಎತ್ತಿ ಹಿಡಿದರು. ಮುಖ ತುಂಬಿಕೊಂಡಿತು. ತುಟಿಗಳ ನಡುವೆ ಆ ಅಡ್ಡ ಹಲ್ಲಿನ ತುದಿ ಕಾಣಿಸಿತು.

ಅಕ್ಕ ಒಂದು ಹೆಜ್ಜೆ ಮುಂದೆ ಬಂದಳು. ಚಿಕ್ಕವನಿದ್ದಾಗ ಆ ಹಲ್ಲನ್ನು ಆಡಿಕೊಂಡು ನಾನೇ ಅವನನ್ನು ಅಳಿಸ್ತಿದ್ದೆ ಎಂದು ಹೇಳುತ್ತಲೇ ತಮ್ಮನ ಹಣೆ ಮುಟ್ಟಿ ಬಿಕ್ಕಿದಳು. ಎಷ್ಟೋ ಹೊತ್ತಿನ ಮೇಲೆ ಕಣ್ಣೊರೆಸಿಕೊಂಡು, ಗಲ್ಲದ ಕೆಳಗೆ ಇನ್ನೂ ಇದ್ದ ಆ ಅಂಗೈಯನ್ನು ನೋಡಿದಳು.

"ನೀವು ಇವನಿಗೆ ಏನಾಗಬೇಕು?"

ಅವಳ ದನಿಯಲ್ಲಿ ಗದರಿಕೆಯಿರಲಿಲ್ಲ. ಅಂದು ಅವರು ನಿಜ ಹೇಳಿದ್ದರೆ ಆ ಮುದುಕಿ ಏನನ್ನುತ್ತಿದ್ದಳೋ, ನಾನು ಇಂದಿಗೂ ಯೋಚಿಸುತ್ತೇನೆ. ಹಲ್ಲಿನವರ ತುಟಿ ಅಲುಗಿತು, ಕಣ್ಣು ಕಾವಲಿನವನ ಕಡೆಗೆ ಹೋಯಿತು, ಬಾಗಿಲ ಕಡೆಗೆ ಹೋಯಿತು. ಕೈ ಗಲ್ಲವನ್ನು ಬಿಟ್ಟಿತು. "ತಪ್ಪು ತಿಳ್ಕೋಬೇಡಿ. ಬಾಡಿಗೆಗಿದ್ದೆ" ಎಂದರು.

"ಒಳ್ಳೆ ಬಾಡಿಗೆಯವರು ಸಿಕ್ಕಿದ್ರು ಅವನಿಗೆ" ಎಂದಳು ಅಕ್ಕ.

ದೇಹವನ್ನು ಅವಳು ತನ್ನ ಊರಿಗೆ ಒಯ್ದಳು. ವಾಹನದಲ್ಲಿ ಮನೆಯವರೊಬ್ಬರಿಗಷ್ಟೇ ಜಾಗವಿತ್ತು. ಹಲ್ಲಿನವರು ಅದರ ಹಿಂಬಾಗಿಲು ಮುಚ್ಚಲು ಚಾಲಕನಿಗೆ ನೆರವಾಗಿ, ಅದು ತಿರುವು ದಾಟುವವರೆಗೂ ನಿಂತಿದ್ದರು.

ಮನೆಯಾದರೂ ಉಳಿಯಲೆಂದು ನಾನು ಅವರನ್ನು ನನಗೆ ಗೊತ್ತಿದ್ದ ವಕೀಲೆಯ ಹತ್ತಿರ ಎಳೆದುಕೊಂಡು ಹೋದೆ. ಜೊತೆಯಾಗಿ ಬಾಳಿದ್ದಕ್ಕೆ ಸಾಕ್ಷಿ ಹೇಳುವವರು ಬೇಕೆಂದು ಆಕೆ ಕಟ್ಟಡದವರನ್ನು ವಿಚಾರಿಸಿದಳು. ನಮ್ಮ ನೆರೆಯವರು ಕೆಟ್ಟವರಲ್ಲ. ಹಲ್ಲಿನವರಿಗೆ ಒಳ್ಳೆಯದಾಗಲೆಂದೇ ಒಬ್ಬೊಬ್ಬರೂ ಮನಸ್ಸಾರೆ ನುಡಿದರು: ಅಂಥ ಮರ್ಯಾದಸ್ಥ ಬಾಡಿಗೆದಾರರನ್ನು ನೋಡೇ ಇಲ್ಲ, ತಟ್ಟದೆ ಒಂದು ದಿನವೂ ಒಳಗೆ ಹೋದವರಲ್ಲ, ಬೇಕಾದರೆ ಪ್ರಮಾಣ ಮಾಡುತ್ತೇವೆ. ನಾನೊಬ್ಬಳು ಬೇರೆ ಹೇಳಿದೆ. ಒದ್ದೆ ವಸ್ತ್ರದಿಂದ ಹುಬ್ಬು ಒರೆಸಿದ್ದನ್ನು ಕಂಡೆ ಎಂಬುದು ಸಾಕ್ಷ್ಯವಾಗುವುದಿಲ್ಲವೆಂದು ವಕೀಲೆ ಬೇಸರದಿಂದಲೇ ತಿಳಿಸಿದಳು. ಕೊನೆಗೆ ಆಕೆ ಅವರ ಕಡೆಗೆ ತಿರುಗಿ, "ನೋಡಿ, ಬಾಡಿಗೆದಾರರು ಅಂತಾದ್ರೆ ನಿಮ್ಮನ್ನ ಏಕಾಏಕಿ ಹೊರಗೆ ಹಾಕೋ ಹಾಗಿಲ್ಲ, ಮೊದಲೇ ತಿಳಿಸಬೇಕು. ನೀವು ಈಗ ಹೇಳ್ತಾ ಇರೋದು ಅಂತಾದ್ರೆ, ಇಬ್ಬರೂ ಗಂಡಸರು, ಕಾನೂನಿನ ಕಣ್ಣಿಗೆ ನೀವು ಅವರಿಗೆ ಏನೂ ಅಲ್ಲ. ಬಾಡಿಗೆದಾರರಾಗೇ ಇರಿ" ಎಂದಳು.

ಹಲ್ಲಿನವರು ಆಗ ನಕ್ಕರು. ಬಾಯಿ ಬಿಟ್ಟು ನಕ್ಕದ್ದನ್ನು ನಾನು ಮೊದಲ ಸಲ ಕಂಡೆ. ಊರಿಗೆಲ್ಲ ಹಲ್ಲು ಕಟ್ಟಿಕೊಟ್ಟವರ ಬಾಯಲ್ಲಿ ಎರಡು ಹಲ್ಲುಗಳಿರಲಿಲ್ಲ. ಹೊರಗೆ ಬಂದ ಮೇಲೆ, ಮೆಟ್ಟಿಲಿಳಿಯುತ್ತ, ತಮಗೇ ಹೇಳಿಕೊಳ್ಳುವಂತೆ ಒಂದು ಮಾತಾಡಿದರು. "ಹೆದರಿ ತಟ್ಟಿದ್ದು ಮೊದಮೊದಲು. ಆಮೇಲೆ ತಟ್ಟಿದ್ದು ಅವನು 'ಯಾರು?' ಅಂತ ಕೇಳ್ಲಿ ಅಂತ."

ಮನೆ ಈಗ ಅಕ್ಕನದು. ಸದ್ಯಕ್ಕೆ ಇರಿ, ಮುಂದೆ ಮಾರುವುದಿದ್ದರೆ ತಿಳಿಸುತ್ತೇನೆ ಎಂದಿದ್ದಾಳೆ, ಅವಳು ಒಳ್ಳೆಯವಳೇ. ಆಡಿದ ವೇಷವೇ ನಿಜವಾಗಿ, ಹಲ್ಲಿನವರು ಆ ಮನೆಯಲ್ಲಿ ಈಗ ನಿಜವಾದ ಬಾಡಿಗೆದಾರರು. ಸಂಜೆ ಮೆಟ್ಟಿಲ ಮೇಲೆ ಬೀಗದ ಕೈ ಕಿಣಿಕಿಣಿ ಎನ್ನುತ್ತದೆ. ಬಾಗಿಲ ಮುಂದೆ ಕೆಮ್ಮುವುದಿಲ್ಲ, ತಟ್ಟುವುದಿಲ್ಲ, ಹುಬ್ಬಿನ ಮೇಲೆ ಪ್ಲಾಸ್ಟರಿನ ಪುಡಿ ಹಾಗೆಯೇ ಇರುತ್ತದೆ, ಬೀಗ ತೆಗೆದು ಒಳಗೆ ಹೋಗಿಬಿಡುತ್ತಾರೆ. ಆದರೆ ಹೊರಗಿನಿಂದ ಯಾರಾದರೂ ತಟ್ಟಿದರೆ, ಒಳಗೆ ಪಾತ್ರೆಯ ಸದ್ದು ನಿಲ್ಲುತ್ತದೆ, ನಲ್ಲಿಯ ಸದ್ದು ನಿಲ್ಲುತ್ತದೆ, ಉಸಿರೂ ನಿಂತಿತೋ ಏನೋ ಎನ್ನಿಸುವಷ್ಟು ನಿಶ್ಶಬ್ದವಾಗುತ್ತದೆ. ತೆರವು ಮಾಡಿ ಎನ್ನುವವರು ಬಂದರೆಂದೇ ಪ್ರತಿ ಸಲವೂ ಅವರ ಎಣಿಕೆ. ಒಮ್ಮೆ ನಾನು ಸಾರಿನ ಪಾತ್ರೆ ಹಿಡಿದು ತಟ್ಟಿದಾಗ ಬಾಗಿಲು ತೆರೆದ ಅವರ ಮುಖ ಕಂಡ ಮೇಲೆ ನಾನು ತಟ್ಟುವುದನ್ನು ಬಿಟ್ಟಿದ್ದೇನೆ. ಬಾಗಿಲಿಗೆ ಕೈ ತಾಗಿಸುವ ಮೊದಲೇ, ನಾನು, ಎದುರು ಮನೆಯವಳು ಎಂದು ಕೂಗಿ ಹೇಳುತ್ತೇನೆ.

ಹೆದರಿ ಬಾಳಿದವರನ್ನು ಹೇಡಿಗಳೆಂದು ಕರೆದುಬಿಡುವುದು ನಮ್ಮಂಥವರಿಗೆ ಸುಲಭ. ನಮಗೆ ಎಲ್ಲ ಕಡೆಯೂ ಕುರ್ಚಿ ಎಳೆದು ಹಾಕುವವರಿರುತ್ತಾರೆ. ಹಲ್ಲಿನವರಂಥ ಮನುಷ್ಯರು ಎಲ್ಲ ಬೀದಿಗಳಲ್ಲಿಯೂ ಇದ್ದಾರು, ಗೋಡೆಯ ಬದಿಗೆ ಸರಿದು ನಮಗೆ ದಾರಿ ಬಿಡುತ್ತ, ನಮಗೆ ಕಾಣದೆ. ಜಗತ್ತು ಅವರನ್ನು ಬಾಗಿಲು ಬಾಗಿಲಲ್ಲಿಯೂ ಯಾರು ಎಂದು ಕೇಳುತ್ತದೆ, ಕೇಳಿ ಆಧಾರ ಬೇಡುತ್ತದೆ. ನಾನೇ ಎಂದರೆ ಸಾಕಾಗುವ ಬಾಗಿಲು ಮನುಷ್ಯನಿಗೆ ಭೂಮಿಯ ಮೇಲೆ ಒಂದಾದರೂ ಇರಬೇಕು. ಇವರಿಗೆ ಒಂದಿತ್ತು.